ನಾಲ್ಕನೇ ಹುಡುಗಿ

ಅಕ್ಟೋಬರ್ ಮೊದಲ ವಾರ ಮಗ್ಗೆ ಕಡೆಯ ಕಾಫಿ ಎಸ್ಟೇಟುಗಳಿಗೆ ಆನೆಗಳು ಇಳಿದವು. ಏಳು ದೊಡ್ಡವು, ಒಂದು ಮರಿ. ಬೆಳಿಗ್ಗೆ ಎಂಟರವರೆಗೆ ತೋಟದ ದಾರಿಗಳಲ್ಲಿ ಯಾರೂ ಓಡಾಡಬಾರದು ಎಂದು ಅರಣ್ಯ ಇಲಾಖೆಯ ಮೆಸೇಜು ಎಲ್ಲರ ಮೊಬೈಲಿಗೂ ಬಂತು. ಆಲೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದ ರವಿಚಂದ್ರ ಆ ಮೆಸೇಜನ್ನು ಎರಡು ಸಲ ಓದಿದ. ಮರುದಿನದಿಂದ ತನ್ನ ಹುಡುಗಿಯರ ಓಟವನ್ನು ತೋಟದ ಮೆತ್ತನೆಯ ಮಣ್ಣುದಾರಿಯಿಂದ ಡಾಂಬರು ರಸ್ತೆಗೆ ಬದಲಾಯಿಸಿದ. ದಿನಕ್ಕೆ ಹದಿನಾಲ್ಕು ಕಿಲೋಮೀಟರು.

ನವೆಂಬರ್ ಕೊನೆಗೆ ಹಾಸನದಲ್ಲಿ ವಿಶ್ವವಿದ್ಯಾಲಯದ ಗುಡ್ಡಗಾಡು ಓಟವಿತ್ತು. ಒಂದು ಕಾಲೇಜಿನಿಂದ ಆರು ಜನ ಓಡಬಹುದು. ಕಡೇ ಪಕ್ಷ ನಾಲ್ವರು ಗೆರೆ ದಾಟಿದರೆ ಮಾತ್ರ ಅದು ತಂಡ. ಆ ನಾಲ್ವರ ಸ್ಥಾನಗಳನ್ನು ಕೂಡಿದಾಗ ಯಾರದು ಕಡಿಮೆಯೋ ಅವರು ಮುಂದೆ. ರವಿಚಂದ್ರನ ಬಳಿ ಜೂನ್‌ನಲ್ಲಿ ಆರು ಹುಡುಗಿಯರಿದ್ದರು. ಒಬ್ಬಳು ನರ್ಸಿಂಗ್ ಸೀಟು ಸಿಕ್ಕಿ ಹೊರಟುಹೋದಳು. ಇನ್ನೊಬ್ಬಳು ಡಾಂಬರು ರಸ್ತೆ ಎಂದ ಕೂಡಲೇ ನಿಲ್ಲಿಸಿಬಿಟ್ಟಳು. ಉಳಿದವರು ನಾಲ್ವರು: ಕೊನೇ ವರ್ಷದ ಫಾಯಿಜಾ, ಅವಳ ತರಗತಿಯ ದೀಪಶ್ರೀ, ಚೈತ್ರಶ್ರೀ, ಮತ್ತು ರವಿಚಂದ್ರನ ಮಗಳು ಮೋನಿಕಾ.

ಪ್ರಾಂಶುಪಾಲರು ಮಾತನ್ನು ಸುತ್ತಿಬಳಸಿ ಹೇಳುವವರಲ್ಲ. "ಹೆಣ್ಣುಮಕ್ಕಳ ತಂಡ ಮೊದಲ ಮೂರರಲ್ಲಿ ಬರಲಿ, ಮುಂದುವರಿಸೋಣ. ಇಲ್ಲಾಂದ್ರೆ ಬರೋ ವರ್ಷ ಬರೀ ವಾಲಿಬಾಲ್ ಸಾಕು," ಎಂದಿದ್ದರು.

ಪಾಳ್ಯ ಎಂಬ ಊರಿನ ರವಿಚಂದ್ರನ ಮನೆಯಲ್ಲಿ ಇದರ ಬಿಸಿ ಮೊದಲು ತಟ್ಟಿದ್ದು ಅಡುಗೆಮನೆಗೆ. ಅವನ ಹೆಂಡತಿ ತನುಜಾ ನಾಲ್ಕೂವರೆಗೇ ಎದ್ದು ರಾಗಿಗಂಜಿ ಕಾಯಿಸಿ, ಎಂಟು ಮೊಟ್ಟೆ ಬೇಯಿಸಿ, ಮೊಳಕೆಕಾಳನ್ನು ನಾಲ್ಕು ಡಬ್ಬಿಗೆ ತುಂಬುತ್ತಿದ್ದಳು. ಅದಾದ ಮೇಲೆ ಹಸು, ಬಚ್ಚಲೊಲೆ, ತಿಂಡಿ. ಮನೆ ಹಿಂದಿನ ಎರಡು ಎಕರೆ ಕಾಫಿಯಲ್ಲಿ ಹಣ್ಣು ಕೆಂಪಗಾಗುತ್ತಿತ್ತು, ಕುಯ್ಯುವವರನ್ನು ಹುಡುಕಬೇಕಿತ್ತು. ಅದನ್ನು ಕೇಳಿದರೆ ರವಿಚಂದ್ರ, "ಓಟ ಮುಗೀಲಿ ತಡಿಯೇ," ಎನ್ನುತ್ತಿದ್ದ.

"ಹಣ್ಣು ಓಟ ಮುಗಿಯೋಗಂಟ ಗಿಡದಲ್ಲಿ ಕೂತಿರ್ತದೇನೋ?" ಎಂದು ಅವನ ತಾಯಿ ರಾಜಲಕ್ಷ್ಮಮ್ಮ ಜಗಲಿಯಿಂದಲೇ ಕೇಳುತ್ತಿದ್ದರು. ಎಪ್ಪತ್ತಾರು ವರ್ಷದ ಅವರಿಗೆ ಮಂಡಿ ಹಿಡಿದಿತ್ತು, ಮಾತು ಹಿಡಿದಿರಲಿಲ್ಲ.

ತನುಜಾ ಕೂಡ ಒಂದು ಕಾಲಕ್ಕೆ ಇದೇ ಕಾಲೇಜಿನ ಓಟಗಾರ್ತಿ. ಇಪ್ಪತ್ತೊಂದು ವರ್ಷದ ಹಿಂದೆ, ಎರಡನೇ ಬಿ.ಎ. ಓದುವಾಗ, ಅಂತರ ವಿಶ್ವವಿದ್ಯಾಲಯದ ಓಟದಲ್ಲಿ ಎರಡನೇ ಸ್ಥಾನ ಬಂದಿದ್ದಳು. ಕಾಲೇಜಿಗೆ ಅದಕ್ಕಿಂತ ದೊಡ್ಡ ಪದಕ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ರವಿಚಂದ್ರನನ್ನು 'ಕೋಚ್' ಎಂದು ತಾಲ್ಲೂಕಿನ ಜನ ಗುರುತಿಸಿದ್ದೇ ಆ ಪದಕದಿಂದ. ಆಮೇಲೆ ಅವನೇ ಅವಳನ್ನು ಮದುವೆಯಾದ. ಅವಳು ಮತ್ತೆ ಓಡಲಿಲ್ಲ. ಸನ್ಮಾನ, ವಾರ್ಷಿಕೋತ್ಸವಗಳಲ್ಲಿ ಯಾರಾದರೂ ಯಾಕೆಂದು ಕೇಳಿದರೆ ರವಿಚಂದ್ರ ನಗುತ್ತಾ, "ನಮ್ಮಮ್ಮ ಹಳೇ ಕಾಲದೋರು. ಸೊಸೆ ಚಡ್ಡಿ ಹಾಕ್ಕೊಂಡು ಓಡಿದ್ರೆ ಬಿಟ್ಟಾರಾ?" ಎನ್ನುತ್ತಿದ್ದ. ಕೇಳಿದವರೂ ನಗುತ್ತಿದ್ದರು. ತನುಜಾ ಆಗೆಲ್ಲ ಸುಮ್ಮನಿರುತ್ತಿದ್ದಳು.

ನವೆಂಬರ್ ಎರಡನೇ ವಾರದ ಒಂದು ಬೆಳಿಗ್ಗೆ ಮೋನಿಕಾ ಬಚ್ಚಲಿನಿಂದ ಬಂದು ಹಿತ್ತಲಿನ ಮೂರು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿದಳು. ಹಸುವಿನ ಕಲಗಚ್ಚು ಕಲಸುತ್ತಿದ್ದ ತನುಜಾ ಕೈ ನಿಲ್ಲಿಸಿದಳು.

"ಕಾಲು ಏನಾಯ್ತೆ?"

"ಏನಿಲ್ಲಮ್ಮ. ಬಿಗಿದುಕೊಂಡೈತೆ ಅಷ್ಟೆ."

"ಎಷ್ಟು ದಿನದಿಂದ?"

"ನೀನು ಶುರು ಮಾಡ್ಬೇಡ."

"ಎಷ್ಟು ದಿನದಿಂದ ಅಂದೆ."

"ಹತ್ತು ದಿನ. ಅಪ್ಪಂಗೆ ಹೇಳಿದೀನಿ. ಐಸ್ ಇಡು ಅಂದವ್ರೆ."

ಅವತ್ತು ಸಂಜೆ ರಾಜಲಕ್ಷ್ಮಮ್ಮ ಮೊಮ್ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿ ಹರಳೆಣ್ಣೆ ತೀಡಿದರು. ಮೊಣಕಾಲಿನ ಕೆಳಗೆ ಒಂದು ಗೇಣು ಬಂದಾಗ ಮೋನಿಕಾ ಅಜ್ಜಿಯ ಕೈಯನ್ನು ತಟ್ಟನೆ ಸರಿಸಿದಳು.

"ನರ ಹಿಡಿದಿದ್ರೆ ಹಿಂಗೆ ನೋಯಲ್ಲ ಕಣವ್ವ," ಎಂದರು ರಾಜಲಕ್ಷ್ಮಮ್ಮ ಸೊಸೆಯ ಕಡೆ ನೋಡಿ. "ಇದು ಮೂಳೇದು."

ರವಿಚಂದ್ರ ಕಾಲೇಜಿನಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ತನುಜಾ ಕೇಳಿದಳು. "ಅವಳಿಗೆ ಒಂದು ವಾರ ಬಿಡುವು ಕೊಡಿ."

"ಇನ್ನು ಹದಿನೈದು ದಿನ ಐತೆ. ಈಗ ಬಿಡುವಾ?"

"ಮೆಟ್ಟಿಲು ಇಳಿಯಕ್ಕಾಗ್ತಿಲ್ಲ ಅವಳಿಗೆ."

"ಓಟಕ್ಕೆ ಮುಂಚೆ ಎಲ್ಲರ ಕಾಲೂ ನೋಯ್ತದೆ ತನುಜಾ. ನಿಂಗೆ ಗೊತ್ತಿಲ್ದೇ ಇರೋದಾ?"

ತನುಜಾ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಬಡಿಸಿದ್ದು ರಾಜಲಕ್ಷ್ಮಮ್ಮ.

ಸೋಮವಾರ ರವಿಚಂದ್ರನಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ತನುಜಾ ಮಗಳನ್ನು ಕರೆದುಕೊಂಡು ಹಾಸನದ ಬಸ್ಸು ಹತ್ತಿದಳು. ಮೋನಿಕಾ ದಾರಿಯುದ್ದಕ್ಕೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಕೂದಲೆಳೆಯಂಥ ಗೆರೆ.

"ಗಟ್ಟಿ ನೆಲದ ಮೇಲೆ ಓಡಿ ಓಡಿ ಬಿರುಕು ಬಿಟ್ಟಿದೆ. ಎರಡು ತಿಂಗಳು ಓಡೋ ಹಾಗಿಲ್ಲ. ಈಗ ಓಡಿದ್ರೆ ಪೂರ್ತಿ ಮುರೀಬಹುದು."

ಹೊರಗೆ ಬಂದಾಗ ಮೋನಿಕಾ ಅಳುತ್ತಿರಲಿಲ್ಲ. "ಅಪ್ಪಂಗೆ ಹೇಳ್ಬೇಡ," ಎಂದಳು.

"ಹೇಳ್ತೀನಿ."

"ನಾನು ಬರ್ಲಿಲ್ಲಾಂದ್ರೆ ತಂಡಾನೇ ಇಲ್ಲ ಅಮ್ಮ. ಅರ್ಥ ಮಾಡ್ಕೋ. ಫಾಯಿಜಕ್ಕ ಮೂರು ವರ್ಷದಿಂದ ಇದಕ್ಕೆ ಕಾಯ್ತಾ ಅವಳೆ."

"ಬಸ್ಸು ಬಂತು, ನಡಿ. ನಿಧಾನ."

ಅವತ್ತು ಸಂಜೆ ಏಳೂವರೆಗೆ ನಾಲ್ವರೂ ಊಟಕ್ಕೆ ಕೂತರು. ಮುದ್ದೆ, ಅವರೆಕಾಳು ಸಾರು. ಸಾರು ಬಿಡುವ ಮೊದಲೇ ತನುಜಾ ಎಕ್ಸ್‌ರೇಯ ಕವರನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಏನಿದು?"

"ನಿಮ್ಮ ಮಗಳ ಕಾಲು."

ರವಿಚಂದ್ರ ಎಡಗೈಯಲ್ಲಿ ಅದನ್ನು ಬಲ್ಬಿಗೆ ಹಿಡಿದು ಬಹಳ ಹೊತ್ತು ನೋಡಿದ. "ನನ್ನ ಕೇಳ್ದೆ ಕರ್ಕೊಂಡು ಹೋಗಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಎಷ್ಟು ದಿನ ಅಂದ್ರು?"

"ಎರಡು ತಿಂಗಳು."

ಅವನು ಕವರನ್ನು ಕೆಳಗಿಟ್ಟ. ಮುದ್ದೆ ಮುರಿದ, ತಿನ್ನಲಿಲ್ಲ. ಆಮೇಲೆ ಮೈದಾನದಲ್ಲಿ ಮಾತಾಡುವ ಧ್ವನಿಯಲ್ಲೇ ಹೇಳಿದ. "ಓಡೋದು ಬೇಡ. ನಡೀಲಿ. ನಾಲ್ಕನೆಯವಳು ಎಷ್ಟು ಹಿಂದೆ ಬಂದ್ರೂ ಗೆರೆ ದಾಟಿದ್ರೆ ಸಾಕು. ಮುಂದಿನ ಮೂವರು ಚೆನ್ನಾಗಿ ಓಡ್ತಾರೆ, ಮೂರನೇ ಸ್ಥಾನ ಸಿಕ್ಕೇ ಸಿಗ್ತದೆ. ಗಟ್ಟಿಯಾಗಿ ಪಟ್ಟಿ ಕಟ್ಟಿ ನಾನು ಕಳಿಸ್ತೀನಿ."

"ಹತ್ತು ಕಿಲೋಮೀಟರು, ಮುರಿದ ಕಾಲಲ್ಲಿ."

"ಮುರಿದಿಲ್ಲ. ಬಿರುಕು."

"ನಾನು ನಡೀತೀನಿ ಅಪ್ಪ," ಎಂದಳು ಮೋನಿಕಾ.

"ನೀನು ಬಾಯಿ ಮುಚ್ಕೊಂಡು ಉಣ್ಣು," ಎಂದಳು ತನುಜಾ.

ಮೋನಿಕಾ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ನೀನು ಓಟ ಬಿಟ್ಟೆ ಅಂತ ನಾನೂ ಬಿಡ್ಬೇಕಾ? ನಿಂಗೆ ಅಡುಗೆಮನೇನೇ ಸಾಕಾಯ್ತು. ನಂಗೆ ಸಾಕಾಗಲ್ಲ."

"ನಾನು ಬಿಟ್ಟಿದ್ದಲ್ಲ ಕಣೆ." ತನುಜಾ ಸಾರಿನ ಸೌಟನ್ನು ಪಾತ್ರೆಗೆ ಹಾಕಿದಳು. ಅವಳ ಧ್ವನಿ ಏರಲಿಲ್ಲ. "ಆ ದೊಡ್ಡ ಓಟದ ಹಿಂದಿನ ದಿನ ಕಾಲು ನೋಯ್ತೈತೆ ಸಾರ್ ಅಂತ ನಿಮ್ಮಪ್ಪಂಗೆ ಹೇಳಿದೆ. ಎಲ್ಲರದ್ದೂ ನೋಯ್ತದೆ ಅಂದು ಪಟ್ಟಿ ಕಟ್ಟಿದ್ರು. ಓಡಿದೆ. ಎರಡನೆಯವಳಾಗಿ ಬಂದೆ. ಊರಿಗೆ ಬಂದ ಮೇಲೆ ನಂಗೆ ನಿಲ್ಲಕ್ಕಾಗ್ಲಿಲ್ಲ. ಮೂರು ತಿಂಗಳು ಮಗ್ಗೇಲಿ ನಮ್ಮಮ್ಮನ ಮನೇಲಿ ಹಾಸಿಗೆ ಹಿಡಿದಿದ್ದೆ. ನಾಟಿ ವೈದ್ಯರು ಬಿದಿರು ಪಟ್ಟೆ ಇಟ್ಟು ಕಟ್ಟಿದ್ರು."

"ಅದು ಟೈಫಾಯ್ಡ್ ಅಲ್ವಾ?" ಎಂದ ರವಿಚಂದ್ರ.

"ನಮ್ಮಪ್ಪ ಹಂಗೆ ಹೇಳಿದ್ದು. ಆಗ್ಲೇ ನೀವು ಹೆಣ್ಣು ಕೇಳಕ್ಕೆ ಬಂದಿದ್ರಿ. ಕಾಲು ಮುರಿದೋಳು ಅಂದ್ರೆ ಎಲ್ಲಿ ಬೇಡ ಅಂತೀರೋ ಅಂತ. ಮದುವೆ ಆದ್ಮೇಲೆ ಒಂದಿನ ಗದ್ದೆ ಬದುವಿನ ಮೇಲೆ ಓಡಿ ನೋಡಿದೆ. ನೂರು ಹೆಜ್ಜೆ ಆಗ್ಲಿಲ್ಲ."

ರಾಜಲಕ್ಷ್ಮಮ್ಮ ಎಂಜಲು ಕೈಯನ್ನು ತಟ್ಟೆಯ ಅಂಚಿಗೆ ಒರೆಸಿದರು.

"ಹಂಗಾದ್ರೆ ನಾನು ಬಿಡಿಸಿದ್ದಲ್ಲ?"

"ಅತ್ತೆ..."

"ಇಪ್ಪತ್ತು ವರ್ಷ ಕಣೆ. ಚಿನ್ನದಂಥ ಹುಡುಗಿ ಓಟ ಬಿಡಿಸಿ ಒಲೆ ಮುಂದೆ ಕೂರಿಸಿದ್ಲು ಅಂತ ಊರೆಲ್ಲ ಅಂದ್ರು. ಇವ್ನು ಮೈಕಲ್ಲಿ ಹೇಳ್ದ. ನನ್ನ ತಂಗಿ ಮಗಳ ಮದುವೇಲಿ ನನ್ನ ಮುಖಕ್ಕೇ ಹೇಳಿದ್ರು. ನಾನು ಒಂದಿನಾದ್ರೂ ನಿಂಗೆ ಓಡ್ಬೇಡ ಅಂದಿದ್ನಾ?"

"ಇಲ್ಲ ಅತ್ತೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಇವರಿಗೆ ಬೇಜಾರಾಗ್ತಿತ್ತು."

"ನಂಗೆ ಆದ್ರೆ ಪರವಾಗಿಲ್ಲ." ರಾಜಲಕ್ಷ್ಮಮ್ಮ ಗೋಡೆ ಹಿಡಿದು ಎದ್ದರು. ಮೊಮ್ಮಗಳು ಕೈ ಕೊಡಲು ಹೋದರೆ ಬೇಡವೆಂದರು. ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಕೋಣೆಗೆ ಹೋದರು. ನಾಲ್ಕು ದಿನ ಸೊಸೆಯ ಜೊತೆಗೂ ಮಾತಾಡಲಿಲ್ಲ, ಮಗನ ಜೊತೆಗೂ ಮಾತಾಡಲಿಲ್ಲ.

ರವಿಚಂದ್ರ ಮೋನಿಕಾಳ ಹೆಸರನ್ನು ಪಟ್ಟಿಯಿಂದ ತೆಗೆಯಲಿಲ್ಲ. ತೆಗೆಯುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬೆಳಿಗ್ಗೆ ಅವಳನ್ನು ಏಳಿಸದೆ ಉಳಿದ ಮೂವರನ್ನು ಓಡಿಸಲು ಹೋಗುತ್ತಿದ್ದ. ತನುಜಾ ಎಂದಿನಂತೆ ಡಬ್ಬಿ ತುಂಬುತ್ತಿದ್ದಳು, ಮೂರು ಡಬ್ಬಿ. ಕಾಫಿ ಕುಯ್ಯಲು ನಾಲ್ಕು ಆಳು ಸಿಕ್ಕರು. ಅವರ ಜೊತೆ ತಾನೂ ಬುಟ್ಟಿ ಕಟ್ಟಿಕೊಂಡು ಹೋದಳು.

ಭಾನುವಾರ ಮಧ್ಯಾಹ್ನ ಫಾಯಿಜಾ ಬಂದಳು. ಅವಳ ತಂದೆ ಬಾಬಾಜಾನ್ ಆಲೂರಿನಲ್ಲಿ ಕಾಫಿ ವ್ಯಾಪಾರ ಮಾಡುವವನು, ಸ್ಕೂಟರಿನಲ್ಲಿ ತಾನೇ ಕರೆದುಕೊಂಡು ಬಂದಿದ್ದ. ರವಿಚಂದ್ರ ಮನೆಯಲ್ಲಿರಲಿಲ್ಲ. ತನುಜಾ ಕಣದಲ್ಲಿ ಹಣ್ಣು ಹರಡುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕುರ್ಚಿ ಹಾಕಿದಳು. ಫಾಯಿಜಾ ಕೂರಲಿಲ್ಲ.

"ಆಂಟಿ, ಅವಳು ಓಡೋದು ಬೇಡ. ನಡೆದ್ರೆ ಸಾಕು. ನಾನೇ ಅವಳ ಜೊತೆ ನಿಧಾನ ಬೇಕಾದ್ರೂ ಬರ್ತೀನಿ."

"ನೀನು ನಿಧಾನ ಬಂದ್ರೆ ನಿನ್ನ ಸ್ಥಾನ ಹೋಗ್ತದೆ ಕಣಮ್ಮ."

"ಹೋಗ್ಲಿ. ನಂದು ಇದೇ ಕೊನೇ ವರ್ಷ. ತಂಡ ಅಂತ ಒಂದು ಸಲ ಹೆಸರು ಬರಲಿ. ನಮ್ಮ ಹಿಂದೆ ಬರೋ ಹುಡುಗೀರಿಗೆ ಓಟಾನೇ ಇಲ್ದಂಗೆ ಮಾಡ್ತಾರಂತೆ."

"ಗೊತ್ತು."

"ಗೊತ್ತಿದ್ದೂ ಬೇಡ ಅಂತೀರಾ?"

"ಹೂಂ."

"ಸರ್ ನಡೀಬಹುದು ಅಂದ್ರು."

"ಸರ್‌ಗೆ ಕಾಲಿನ ವಿಷಯ ಗೊತ್ತಾಗಲ್ಲ," ಎಂದಳು ತನುಜಾ.

ಫಾಯಿಜಾಳ ಕಣ್ಣು ತುಂಬಿತು. ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಗೇಟಿನ ಕಡೆ ಹೋದಳು. ಒಳಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಮೋನಿಕಾ ಹೊರಗೆ ಬರಲಿಲ್ಲ.

ಬಾಬಾಜಾನ್ ಕಾಫಿ ಲೋಟವನ್ನು ಮುಟ್ಟದೆ ಎದ್ದ. "ನನ್ನ ಮಗಳ ಕಾಲಾಗಿದ್ರೆ ನಾನೂ ಹಿಂಗೇ ಮಾಡ್ತಿದ್ದೆ ಅಕ್ಕ. ಸುಳ್ಳು ಯಾಕೆ ಹೇಳ್ಲಿ, ನನ್ನ ಮಗಳದ್ದಲ್ಲ. ಅದಕ್ಕೇ ಹೊಟ್ಟೆ ಉರೀತೈತೆ."

ಓಟದ ದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಬಾಡಿಗೆ ಟೆಂಪೊ ಮನೆ ಮುಂದೆ ಬಂದು ನಿಂತಿತು. ಒಳಗೆ ಮೂವರು ಹುಡುಗಿಯರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ರವಿಚಂದ್ರ ಚೀಲಕ್ಕೆ ಸ್ಟಾಪ್‌ವಾಚು, ಕತ್ತರಿ, ಪಟ್ಟಿ, ಗ್ಲೂಕೋಸ್ ತುಂಬಿಕೊಂಡು ಅಂಗಳಕ್ಕೆ ಬಂದ. ಮೋನಿಕಾ ಅವನಿಗಿಂತ ಮೊದಲೇ ಅಲ್ಲಿ ನಿಂತಿದ್ದಳು. ಕಾಲೇಜಿನ ನೀಲಿ ಜರ್ಸಿ, ಹೆಗಲಿಗೆ ಶೂ.

ತನುಜಾ ಬಾಗಿಲಿಗೆ ಬಂದಳು. ಅಡ್ಡ ಬರಲಿಲ್ಲ.

ರವಿಚಂದ್ರ ಚೀಲವನ್ನು ಕೆಳಗಿಟ್ಟ. "ನೋಯ್ತಿರೋ ಕಾಲಲ್ಲಿ ನಿಂತ್ಕೊಂಡು ಹತ್ತು ಸಲ ಕುಪ್ಪಳಿಸು," ಎಂದ.

ಹುಡುಗಿಯರ ಕಾಲು ಪರೀಕ್ಷಿಸಲು ಅವನು ಯಾವಾಗಲೂ ಮಾಡಿಸುತ್ತಿದ್ದದ್ದು ಅದನ್ನೇ. ಮೋನಿಕಾ ಕುಪ್ಪಳಿಸಿದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಅವಳ ತುಟಿ ಬಿಗಿಯಿತು. ಐದಕ್ಕೆ ನಕ್ಕಳು. ನಗುತ್ತಲೇ ಆರನೆಯದಕ್ಕೆ ಕಾಲೆತ್ತುವಾಗ ಹಣೆಯ ಮೇಲೆ ಆ ಚಳಿಯಲ್ಲೂ ಬೆವರು ಮೂಡಿತು.

"ಸಾಕು."

"ಆಗ್ತದೆ ಸಾರ್. ಇನ್ನೂ ನಾಲ್ಕು ಐತೆ."

ಮನೆಯಲ್ಲಿ ಅವಳು ಅವನನ್ನು ಸಾರ್ ಎಂದು ಎಂದೂ ಕರೆದಿರಲಿಲ್ಲ. ರವಿಚಂದ್ರ ಅವಳ ಮುಖವನ್ನೇ ನೋಡುತ್ತಾ ನಿಂತ. ಟೆಂಪೊ ಡ್ರೈವರು ಒಮ್ಮೆ ಹಾರನ್ ಮಾಡಿದ.

"ಒಳಗೆ ಹೋಗು," ಎಂದ ರವಿಚಂದ್ರ.

"ಅಪ್ಪ, ದಯವಿಟ್ಟು..."

"ಒಳಗೆ ಹೋಗು ಮೋನಿ. ನಾನು ಮೂವರನ್ನ ಓಡಿಸ್ಕೊಂಡು ಬರ್ತೀನಿ."

ಅವನು ಟೆಂಪೊ ಹತ್ತಿ ಬಾಗಿಲು ಎಳೆದುಕೊಂಡ. ಒಳಗೆ ಹುಡುಗಿಯರು ಏನೋ ಕೇಳಿದ್ದು, ಅವನು ಮುಂದೆ ನೋಡುತ್ತಾ ಕೂತಿದ್ದು ತನುಜಾಳಿಗೆ ಕಾಣಿಸಿತು. ಮೋನಿಕಾ ಶೂಗಳನ್ನು ಅಂಗಳದಲ್ಲೇ ಬಿಸುಟು, ತಾಯಿಯನ್ನು ತಳ್ಳಿಕೊಂಡೇ ಒಳಗೆ ಹೋದಳು.

ಫಾಯಿಜಾ ಆರನೆಯವಳಾಗಿ ಬಂದು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ದೀಪಶ್ರೀ ಹನ್ನೊಂದು, ಚೈತ್ರಶ್ರೀ ಹದಿನೇಳು. ನಾಲ್ಕನೆಯವಳು ಇಲ್ಲದ್ದರಿಂದ ತಂಡಗಳ ಪಟ್ಟಿಯಲ್ಲಿ ಕಾಲೇಜಿನ ಹೆಸರೇ ಬರಲಿಲ್ಲ. ನಾಲ್ಕನೆಯವಳಾಗಿ ಯಾರಾದರೂ ಎಲ್ಲರಿಗಿಂತ ಕಡೆಯಲ್ಲಿ ನಡೆದುಕೊಂಡು ಬಂದಿದ್ದರೂ ಮೂರನೇ ಸ್ಥಾನ ಸಿಗುತ್ತಿತ್ತು ಎಂದು ಚೈತ್ರಶ್ರೀ ವಾಪಸ್ಸು ಬರುವಾಗ ಟೆಂಪೊದಲ್ಲಿ ಲೆಕ್ಕ ಹಾಕಿ ಹೇಳಿದಳು. ಅದು ಎಲ್ಲರಿಗೂ ಗೊತ್ತಾಯಿತು. ಮೋನಿಕಾಳಿಗೂ.

ಪ್ರಾಂಶುಪಾಲರು ತಮ್ಮ ಮಾತು ಉಳಿಸಿಕೊಂಡರು. ಡಿಸೆಂಬರ್ ಮೊದಲ ವಾರ ರವಿಚಂದ್ರನ ಕೈಗೆ ಬರುವ ವರ್ಷದ ಕ್ರೀಡೆಗಳ ಪಟ್ಟಿ ಬಂತು. ಹೆಣ್ಣುಮಕ್ಕಳಿಗೆ ವಾಲಿಬಾಲ್, ಥ್ರೋಬಾಲ್. ಅವನು ಅದಕ್ಕೆ ಸಹಿ ಮಾಡಿ ಕೊಟ್ಟು ಮನೆಗೆ ಬಂದ. ಬೆಳಿಗ್ಗೆ ಬೇಗ ಏಳುವ ಕೆಲಸವಿಲ್ಲ. ಆದರೂ ನಾಲ್ಕೂವರೆಗೆ ಎಚ್ಚರವಾಗಿ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತಿದ್ದ.

ಮೋನಿಕಾ ತಾಯಿಯೊಡನೆ ಮಾತು ಬಿಟ್ಟಿದ್ದಳು. ಬೇಕಾದ್ದನ್ನು ಅಜ್ಜಿಯ ಮೂಲಕ ಕೇಳುತ್ತಿದ್ದಳು. "ಅಜ್ಜಿ, ಇವತ್ತು ಕಾಲೇಜಿಗೆ ಡಬ್ಬಿ ಬೇಡ ಅಂತ ಹೇಳು." ರಾಜಲಕ್ಷ್ಮಮ್ಮನೂ ಸೊಸೆಯೂ ಮತ್ತೆ ಮಾತಾಡತೊಡಗಿದ್ದರು. ಒಂದು ಸಂಜೆ ಕಣದಲ್ಲಿ ಒಣಗಿದ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದಾಗ ರಾಜಲಕ್ಷ್ಮಮ್ಮ ಮಗನಿಗೆ ಕೇಳುವಂತೆಯೇ ಹೇಳಿದರು.

"ಊರಿಗೆಲ್ಲ ಸುಳ್ಳು ಹೇಳಕ್ಕೆ ಇಪ್ಪತ್ತು ವರ್ಷ ನಾಲಿಗೆ ಇತ್ತಲ್ಲ. ನಿಜ ಹೇಳಕ್ಕೆ ಇಲ್ವಾ?"

"ನಾನು ಬೇಕಂತ ಸುಳ್ಳು ಹೇಳಿದ್ದಲ್ಲಮ್ಮ."

"ಬೇಕಂತ ಹೇಳಿದ್ರೇನು, ಬೇಡ ಅಂತ ಹೇಳಿದ್ರೇನು. ಹೊತ್ತೋಳು ನಾನು."

ರವಿಚಂದ್ರ ಹಾಲಿನ ಕ್ಯಾನು ತೆಗೆದುಕೊಂಡು ಡೇರಿಗೆ ಹೋದ. ಆ ಹೊತ್ತಿಗೆ ಅಲ್ಲಿ ಹತ್ತು ಹನ್ನೆರಡು ಜನ ಸಾಲು ನಿಂತಿರುತ್ತಾರೆ. ಓಟದ ಸುದ್ದಿ ಇನ್ನೂ ಹಳತಾಗಿರಲಿಲ್ಲ. ಮುಂದಿನ ಬೀದಿಯ ನಂಜುಂಡ ಕೇಳಿದ.

"ಏನು ಸಾರ್, ಮಗಳ ಓಟಾನೂ ಬಿಡಿಸ್ಬುಟ್ರಂತೆ? ಅಜ್ಜಿದೇ ಅಪ್ಪಣೆನಾ?"

ಸಾಲಿನಲ್ಲಿದ್ದವರು ನಕ್ಕರು. ರವಿಚಂದ್ರ ನಗಲಿಲ್ಲ.

"ನಮ್ಮಮ್ಮ ಯಾರ ಓಟಾನೂ ಬಿಡಿಸಿಲ್ಲ ನಂಜುಂಡ. ತನುಜಾಂದು ಕಾಲು ಮುರಿದಿತ್ತು. ನೋಯ್ತೈತೆ ಅಂದ್ರೂ ಕೇಳ್ದೆ ನಾನೇ ಪಟ್ಟಿ ಕಟ್ಟಿ ಓಡಿಸ್ದೆ. ಆ ಪದಕ ಬಂತಲ್ಲ, ಆ ಓಟದಲ್ಲೇ. ಅಮ್ಮನ ಹೆಸರು ಸುಮ್ನೆ ಹೇಳ್ಕೊಂಡು ಬಂದೆ."

ಹಾಲು ಅಳೆಯುವ ಹುಡುಗಿ ಕೈ ನಿಲ್ಲಿಸಿದಳು. ಸಾಲಿನಲ್ಲಿದ್ದ ರಾಮಮ್ಮ ಸೆರಗನ್ನು ಬಾಯಿಗೆ ಹಿಡಿದಳು. ನಂಜುಂಡ ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

"ಅಯ್ಯೋ ಮಾರಾಯ. ಯಾವ ಕಾಲು?"

ರವಿಚಂದ್ರ ಬಾಯಿ ತೆರೆದ. ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಮೈದಾನದ ಆ ತುದಿಯಲ್ಲಿ ಓಡುವ ಹುಡುಗಿ ಯಾವ ಹಿಮ್ಮಡಿಯನ್ನು ಗಟ್ಟಿಯಾಗಿ ಊರುತ್ತಾಳೆಂದು ಈ ತುದಿಯಿಂದ ಹೇಳುವವನು ಅವನು. ಹಾಲು ಹಾಕಿ, ಚೀಟಿಯನ್ನೂ ತೆಗೆದುಕೊಳ್ಳದೆ ಮನೆಯ ದಾರಿ ಹಿಡಿದ.

ತನುಜಾ ಹಿತ್ತಲಿನ ಮೆಟ್ಟಿಲ ಬಳಿ ಹಸುವಿಗೆ ಹುಲ್ಲು ಬಿಡಿಸುತ್ತಿದ್ದಳು. ಮೋನಿಕಾ ಅಲ್ಲೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಪುಸ್ತಕ ಹಿಡಿದಿದ್ದಳು. ರವಿಚಂದ್ರ ಖಾಲಿ ಕ್ಯಾನನ್ನು ಕೈಯಲ್ಲೇ ಹಿಡಿದು ಹೆಂಡತಿಯ ಮುಂದೆ ನಿಂತ.

"ಯಾವ ಕಾಲು?"

"ಏನು?"

"ಆವತ್ತು ನಿಂದು. ಯಾವ ಕಾಲು?"

ತನುಜಾ ಹುಲ್ಲಿನ ಕಟ್ಟನ್ನು ಕೆಳಗಿಟ್ಟಳು. "ನೀವೇ ಅಲ್ವಾ ಪಟ್ಟಿ ಕಟ್ಟಿದ್ದು."

"ಹೌದು."

"ಇಪ್ಪತ್ತೊಂದು ವರ್ಷದಿಂದ ನಾನು ನಡೆಯೋದು ನೋಡ್ತಾ ಇದೀರಿ. ಹೇಳಿ ನೋಡೋಣ."

ಅವನು ಅವಳ ಪಾದಗಳನ್ನು ನೋಡಿದ. ಮಣ್ಣು, ಹಸಿರು ಹುಲ್ಲಿನ ಎಸಳು, ಸವೆದ ಹವಾಯಿ ಚಪ್ಪಲಿ. ಪುಸ್ತಕದಿಂದ ತಲೆಯೆತ್ತಿದ ಮೋನಿಕಾ ಕೂಡ ನೋಡಿದಳು.

"ಬಲಗಾಲು," ಎಂದ ರವಿಚಂದ್ರ.

ತನುಜಾ ಸೀರೆಯ ಅಂಚನ್ನು ಒಂದು ಗೇಣು ಎತ್ತಿ, ಎಡಗಾಲನ್ನು ಮೆಟ್ಟಿಲ ಮೇಲಿಟ್ಟಳು. ಕಣಕಾಲಿನ ಮೂಳೆಯ ಮೇಲೆ ಅಡಿಕೆಯಷ್ಟು ಉಬ್ಬು ಇತ್ತು. ಅವನು ಕ್ಯಾನನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತ.

"ಈಗಲೂ ನೋಯ್ತದಾ?"

"ಚಳಿ ಬಿದ್ರೆ ನೋಯ್ತದೆ," ಎಂದಳು ತನುಜಾ. "ಈಗ ನೋಯ್ತಾ ಐತೆ."

ಮೋನಿಕಾ ಪುಸ್ತಕ ಮುಚ್ಚಿ ಕಟ್ಟೆಯಿಂದ ಮೆಲ್ಲಗೆ ಇಳಿದಳು. ಕುಂಟುತ್ತಾ ಬಂದು, ತಾಯಿ ಕೆಳಗಿಟ್ಟಿದ್ದ ಹುಲ್ಲನ್ನು ಎತ್ತಿಕೊಂಡು ಹಸುವಿನ ಮುಂದೆ ಹಾಕಿದಳು.